ಗುಡಿ ಮುಂದಿನ ಶಾಸನ ಓದುವ ಬಗೆ: ಕಟ್ಟುಪಾಠ ಯಾವುದು, ಊರಿನ ಮಾತು ಯಾವುದು

ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ, ಜತ್ತ ಭಾಗದ ಎಷ್ಟೋ ಹಳ್ಳಿಗಳಲ್ಲಿ ಬರಹದ ಕಲ್ಲೊಂದು ಕಣ್ಣಿಗೆ ಬೀಳುತ್ತದೆ. ಹನುಮಪ್ಪನ ಗುಡಿ ಮುಂದೆ ನೆಟ್ಟಿರಬಹುದು, ಅಗಸಿ ಗೋಡೆಯಲ್ಲಿ ಸೇರಿಸಿ ಕಟ್ಟಿರಬಹುದು, ಬಾವಿಯ ಪಾವಟಿಗೆ ಆಗಿರಬಹುದು. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಕೆಳಗೆ ಮೂವತ್ತು ನಲವತ್ತು ಸಾಲು. ಏನಿದು ಎಂದು ಕೇಳಿದರೆ ಒಬ್ಬರು ಮರಾಠಿಯ ಹಳೆಯ ಮೋಡಿ ಲಿಪಿ ಎನ್ನುತ್ತಾರೆ, ಇನ್ನೊಬ್ಬರು ನಿಧಿಯ ಗುರುತು ಎನ್ನುತ್ತಾರೆ. ಬಹಳ ಸಲ ಅದು ಎರಡೂ ಅಲ್ಲ, ಕನ್ನಡ. ಕಲ್ಯಾಣ ಚಾಲುಕ್ಯರು, ಕಲಚುರಿಗಳು ಇಲ್ಲವೇ ಸೇವುಣರ (ದೇವಗಿರಿಯ ಯಾದವರ) ಕಾಲದ, ಅಂದರೆ 11ರಿಂದ 13ನೇ ಶತಮಾನದೊಳಗಿನ ದಾನದ ಬರಹ.

ಓದಲು ಹೊರಟವರು ಮೊದಲ ಸಾಲಿನಿಂದ ಶುರು ಮಾಡಿ ಹತ್ತನೆಯ ಸಾಲಿಗೆ ಕೈಬಿಡುವುದು ಸಾಮಾನ್ಯ. ಕಾರಣ, ಆ ಮೊದಲ ಹತ್ತು ಹನ್ನೆರಡು ಸಾಲು ಆ ಊರಿನದೇ ಅಲ್ಲ. ಅದು ಕಟ್ಟುಪಾಠ, ನೂರಾರು ಕಲ್ಲುಗಳ ಮೇಲೆ ಹೆಚ್ಚುಕಡಿಮೆ ಅದೇ ಮಾತು ಬರುತ್ತದೆ. ಕೊನೆಯ ನಾಲ್ಕೈದು ಸಾಲಿನ ಶಾಪವೂ ಹಾಗೆಯೇ. ಊರಿನ ಸುದ್ದಿ ಇರುವುದು ನಡುವೆ. ಕಟ್ಟುಪಾಠವನ್ನು ಗುರುತಿಸಿ ಬದಿಗಿಟ್ಟರೆ, ಪರಂಪರೆಯಾಗಿ ಉಳಿದದ್ದು ಯಾವುದು, ಆ ಕಾಲಕ್ಕೆ ಆ ಜಾಗದಲ್ಲಿ ಬದಲಾದದ್ದು ಯಾವುದು ಎಂಬುದು ತಾನಾಗಿ ಬೇರೆಯಾಗುತ್ತದೆ. ಕೆಳಗಿನ ಕ್ರಮವೆಲ್ಲ ಈ ಬೇರ್ಪಡಿಸುವ ಕೆಲಸಕ್ಕೆ.

ಕಲ್ಲು ಮುಟ್ಟುವ ಮೊದಲು

ಆ ಕಲ್ಲು ಆಗಲೇ ಅಚ್ಚಾಗಿದೆಯೇ ನೋಡಿ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸೇರಿ ಸಂಪಾದಿಸಿದ್ದಾರೆ. ಅದರಲ್ಲಿ ನಿಮ್ಮ ಊರು ಇದ್ದರೆ ಅರ್ಧ ಕೆಲಸ ಉಳಿಯಿತು. ಉಳಿದರ್ಧ ಎಂದರೆ ಅಚ್ಚಾದ ಪಾಠವನ್ನು ಕಲ್ಲಿನೆದುರು ನಿಂತು ತಾಳೆ ನೋಡುವುದು. ಊರಿನ ಹೆಸರನ್ನು ಹಳೆಯ ರೂಪದಲ್ಲೂ ಹುಡುಕಿ. ಸೊಲ್ಲಾಪುರ ಅಲ್ಲಿ ಸೊನ್ನಲಿಗೆ, ಮಂಗಳವೇಢೆ ಮಂಗಳಿವೇಡ, ಭೀಮೆ ಭೀಮರಥಿ. ಪಂಢರಪುರವನ್ನು 1237ರ ಹೊಯ್ಸಳ ಸೋಮೇಶ್ವರನ ಕಾಲದ ಶಾಸನ ಪಂಡರಗೆ ಎನ್ನುತ್ತದೆ.

ಕಲ್ಲು ಕೇಂದ್ರ ಪುರಾತತ್ವ ಇಲಾಖೆಯ ಅಥವಾ ರಾಜ್ಯದ ಸಂರಕ್ಷಿತ ಸ್ಮಾರಕದೊಳಗಿದ್ದರೆ ಲಿಖಿತ ಅನುಮತಿ ಇಲ್ಲದೆ ಕಾಗದ ಹಚ್ಚಬೇಡಿ, ಮಸಿ ತರಲೇಬೇಡಿ. ಕೇಂದ್ರದ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಊರ ಗುಡಿಯದಾದರೆ ಪೂಜಾರಿ, ಪಾಟೀಲರು, ಗುಡಿ ಪಂಚರು, ಮೂವರಿಗೂ ಹೇಳಿ. ಒಬ್ಬರಿಗೆ ಹೇಳಿ ಇನ್ನೊಬ್ಬರನ್ನು ಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸಾಧ್ಯವಾದರೆ ಎಲ್ಲರ ಎದುರಿಗೇ ಕೆಲಸ ಮಾಡಿ. ಕಲ್ಲಿನ ಬುಡ ಕೆದಕುವುದು, ಹೂತಿರುವ ಸಾಲು ಕಾಣಲೆಂದು ಅಗೆಯುವುದು ಬೇಡ. ರಾತ್ರಿ ಟಾರ್ಚ್ ಹಿಡಿದು ಶಾಸನ ನೋಡುವವರನ್ನು ನಿಧಿ ಕಳ್ಳರೆಂದು ಊರು ಅನುಮಾನಿಸುವುದು ತಪ್ಪೇನಲ್ಲ, ಅಂಥವರೂ ಬಂದು ಹೋಗಿರುತ್ತಾರೆ.

ಶುಚಿ ಮಾಡಲು ನೀರು ಮತ್ತು ಮೆತ್ತನೆ ನೈಲಾನ್ ಬ್ರಷ್ ಸಾಕು. ಪಾಚಿ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆ ಹೊದಿಸಿ ಒಂದು ತಾಸು ಬಿಟ್ಟು, ಬಿದಿರಿನ ಸೀಳಿನಿಂದ ಬಿಡಿಸಿ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಬೇಡವೇ ಬೇಡ. ಆಯಿಲ್ ಪೇಂಟ್ ಬಳಿದ ಕಲ್ಲನ್ನು ಕೆರೆಯಲು ಹೋಗಬೇಡಿ. ಪೇಂಟಿನ ಜೊತೆ ಅಕ್ಷರದ ಅಂಚೂ ಬರುತ್ತದೆ. ಇನ್ನೊಂದು ಕೆಟ್ಟ ಚಾಳಿ ಅಕ್ಷರಕ್ಕೆ ಸುಣ್ಣ, ಚಾಕ್, ರಂಗೋಲಿ ಪುಡಿ ತುಂಬುವುದು. ಪುಡಿ ತುಂಬಿದವರು ತಾವು ಊಹಿಸಿದ ಅಕ್ಷರವನ್ನೇ ತುಂಬಿರುತ್ತಾರೆ, ಮುಂದೆ ಓದುವವರಿಗೆ ಕಲ್ಲಿನ ಅಕ್ಷರದ ಬದಲು ಆ ಊಹೆಯೇ ಕಾಣುತ್ತದೆ.

ಚಿತ್ರ, ಆಮೇಲೆ ಪಡಿಯಚ್ಚು

ನಡುಹಗಲಿನ ಬಿಸಿಲಲ್ಲಿ ತೆಗೆದ ಚಿತ್ರ ನಿರುಪಯೋಗಿ. ಬೆಳಕು ಕಲ್ಲಿನ ಮೈಗೆ ಅಡ್ಡಡ್ಡ ಬೀಳಬೇಕು. ಮುಂಜಾನೆ ಅಥವಾ ಸಂಜೆ ಇಳಿಬಿಸಿಲಲ್ಲಿ ತೆಗೆಯಿರಿ. ನೆರಳಿನಲ್ಲಿರುವ ಕಲ್ಲಿಗೆ ಟಾರ್ಚನ್ನು ಪಕ್ಕಕ್ಕೆ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಅದೇ ಭಾಗದ ನಾಲ್ಕು ಚಿತ್ರ. ಒಂದು ಅಳತೆಪಟ್ಟಿ ಚೌಕಟ್ಟಿನೊಳಗಿರಲಿ. ಐದಾರು ಸಾಲಿಗೊಂದು ಚಿತ್ರದಂತೆ, ಹಿಂದಿನದರ ಎರಡು ಸಾಲು ಮುಂದಿನದರಲ್ಲೂ ಬರುವಂತೆ ತೆಗೆದರೆ ಸಾಲು ತಪ್ಪುವುದಿಲ್ಲ.

ನಾಲ್ಕು ಕಡೆಯ ಬೆಳಕು ಏಕೆಂದರೆ, ನಮ್ಮ ಕಡೆಯ ಕರಿಕಲ್ಲಿನ ಮೈತುಂಬ ಹುಟ್ಟು ಗುಳಿಗಳಿವೆ. ಅಕ್ಷರದ ಮುಂದೆ ಬಿದ್ದ ಗುಳಿ ಅನುಸ್ವಾರದಂತೆಯೇ ಕಾಣುತ್ತದೆ. ‘ಗಡ’ ಎಂದಿದ್ದದ್ದು ‘ಗಂಡ’ ಆಗುವುದು ಹೀಗೆ. ಉಳಿಯಿಂದ ಕೊರೆದ ಸೊನ್ನೆ ಕಲ್ಲಿನುದ್ದಕ್ಕೂ ಒಂದೇ ಗಾತ್ರ, ಒಂದೇ ಆಳದಲ್ಲಿರುತ್ತದೆ, ಸಾಲಿನ ಒಂದೇ ಎತ್ತರದಲ್ಲಿ ಕೂರುತ್ತದೆ. ಹುಟ್ಟು ಗುಳಿಯ ಅಂಚು ಮುರುಕು, ಬೆಳಕು ತಿರುಗಿಸಿದರೆ ಆಕಾರವೇ ಬದಲಾಗುತ್ತದೆ.

ಅನುಮತಿ ಇದ್ದರೆ ಪಡಿಯಚ್ಚು ತೆಗೆಯಿರಿ, ಅಂದರೆ ಕಲ್ಲಿನ ಬರಹವನ್ನು ಮಸಿಯಿಂದ ಕಾಗದಕ್ಕೆ ಇಳಿಸಿಕೊಳ್ಳಿ. ಸವೆದ ಕಲ್ಲಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇಕಾದದ್ದು: ಮ್ಯಾಪ್‌ಲಿಥೋದಂಥ ತೆಳುವಾದರೂ ಗಟ್ಟಿ ನಾರಿನ ಕಾಗದ, ಉದ್ದ ಕೂದಲಿನ ಬಿರುಸು ಬ್ರಷ್, ದೀಪದ ಕಾಡಿಗೆಗೆ ಗೋಂದು ನೀರು ಸೇರಿಸಿ ಮಾಡಿದ ಮಸಿ, ಹತ್ತಿ ತುಂಬಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಮುಷ್ಟಿ ಗಾತ್ರದ ಒತ್ತುಗಂಟು ಎರಡು, ಬಕೆಟ್ ನೀರು.

ಕಾಗದವನ್ನು ಬರಹದ ಭಾಗಕ್ಕಿಂತ ನಾಲ್ಕೂ ಕಡೆ ಎರಡೆರಡು ಇಂಚು ಹೆಚ್ಚಿಗೆ ಕತ್ತರಿಸಿ. ದೊಡ್ಡ ಕಲ್ಲಿಗೆ ಎರಡು ಹಾಳೆ ಬೇಕಾದರೆ ಒಂದರ ಮೇಲೊಂದು ಮೂರು ಇಂಚು ಏರಬೇಕು. ಕಲ್ಲು ಒದ್ದೆ ಮಾಡಿ, ಕಾಗದವನ್ನು ಮಡಚಿ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಮೇಲಿನಿಂದ ಕೆಳಕ್ಕೆ ಹಚ್ಚಿ. ಗಾಳಿಗುಳ್ಳೆಗಳನ್ನು ನಡುವಿನಿಂದ ಅಂಚಿನ ಕಡೆಗೆ ಸರಿಸಿ. ಆಮೇಲೆ ಬ್ರಷ್‌ನಿಂದ ನೇರವಾಗಿ ಬಡಿಯಿರಿ. ಉಜ್ಜಬೇಡಿ, ಉಜ್ಜಿದರೆ ನಾರು ಏಳುತ್ತದೆ. ಕಾಗದ ಅಕ್ಷರದ ಗುಂಡಿಯೊಳಗೆ ಇಳಿಯುವ ತನಕ ಬಡಿಯಬೇಕು. ಆಳದ ಅಕ್ಷರದಲ್ಲಿ ಹರಿದರೆ ಒದ್ದೆ ಕಾಗದದ ಚೂರು ತೇಪೆ ಹಾಕಿ ಮತ್ತೆ ಬಡಿಯಿರಿ.

ಎಲ್ಲರೂ ಕೆಡಿಸುವುದು ಮುಂದಿನ ಹಂತದಲ್ಲಿ. ಕಾಗದ ಮುಕ್ಕಾಲು ಪಾಲು ಒಣಗುವವರೆಗೆ ಮಸಿ ಮುಟ್ಟಬಾರದು. ಹಸಿ ಕಾಗದಕ್ಕೆ ಒತ್ತಿದ ಮಸಿ ಅಕ್ಷರದೊಳಗೆ ಹರಿಯುತ್ತದೆ, ಹಿಂದಿನ ಕಲ್ಲಿಗೂ ಇಳಿಯುತ್ತದೆ, ಆ ಕಲೆಗೆ ನೀವೇ ಹೊಣೆ. ತೀರ ಒಣಗಿದರೂ ಕಷ್ಟ, ಕಾಗದ ಕಲ್ಲು ಬಿಟ್ಟು ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲಿಗೆ ಈ ಹದ ಸಿಕ್ಕಷ್ಟೇ ಬೇಗ ತಪ್ಪಿಹೋಗುವುದರಿಂದ ಬೆಳಗಿನ ಎಂಟರೊಳಗೆ ಮುಗಿಸಿ. ಒತ್ತುಗಂಟಿನ ಮಸಿಯನ್ನು ಮೊದಲು ಹಲಗೆಯ ಮೇಲೆ ತಟ್ಟಿ ಹಗುರ ಮಾಡಿಕೊಂಡು, ಮೆಲ್ಲಗೆ ತಟ್ಟುತ್ತ ಹೋಗಿ. ಒಮ್ಮೆಗೇ ಕಪ್ಪಾಗಬಾರದು, ಎರಡು ಮೂರು ಸುತ್ತು ಬರಲಿ. ಕಾಗದದ ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ನಿಲ್ಲುತ್ತವೆ. ಬಿಡಿಸುವ ಮೊದಲೇ ಹಾಳೆಯ ಮೂಲೆಯಲ್ಲಿ ಊರು, ಜಾಗ, ದಿಕ್ಕು, ತಾರೀಕು, ಹಾಳೆಯ ಸಂಖ್ಯೆ ಬರೆಯಿರಿ.

ಕಲ್ಲಿಗೆ ಕಾಗದ ಬಡಿದು ಮಸಿ ಒತ್ತುವ ಈ ವಿದ್ಯೆ ಚೀನಾದಲ್ಲಿ ಟಾಂಗ್ ಅರಸರ ಕಾಲಕ್ಕಾಗಲೇ ರೂಢಿಯಲ್ಲಿತ್ತು. ಅಲ್ಲಿ 837ರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೇ ಕಲ್ಲಿಗೆ ಕೊರೆಸಿ ನಿಲ್ಲಿಸಿದರು. ಪಾಠ ಯಾರೂ ತಿದ್ದದಂತೆ ಒಂದೇ ಆಗಿ ಉಳಿಯಬೇಕೆಂಬುದು ಉದ್ದೇಶ. ನಮ್ಮಲ್ಲಿ ಗ್ರಂಥ ಓಲೆಗರಿಯಲ್ಲೇ ಉಳಿಯಿತು. ಕಲ್ಲಿಗೆ ಬಂದದ್ದು ಹೊಲದ ಎಲ್ಲೆ, ಗಾಣದ ಎಣ್ಣೆ, ಸುಂಕದ ಲೆಕ್ಕ.

ಅಕ್ಷರ

ಪದಗಳ ನಡುವೆ ತೆರಪು ಇರುವುದಿಲ್ಲ. ಎ, ಏ ನಡುವೆ, ಒ, ಓ ನಡುವೆ ಬರವಣಿಗೆಯಲ್ಲಿ ಭೇದ ಕಾಣುವುದಿಲ್ಲ, ಸಂದರ್ಭದಿಂದ ತಿಳಿಯಬೇಕು. ರೇಫೆಯ (ಅರ್ಕಾವೊತ್ತಿನ ರಕಾರದ) ಮುಂದಿನ ವ್ಯಂಜನ ಇಮ್ಮಡಿಯಾಗುತ್ತದೆ: ಧರ್ಮ್ಮ, ಸರ್ವ್ವ, ಚಂದ್ರಾರ್ಕ್ಕ. ‘ಶಕವರ್ಷ’ ಬಹಳ ಕಡೆ ‘ಸಕವರ್ಷ’. ವ, ಪ, ಮ ಒಂದಕ್ಕೊಂದು ಹೋಲುತ್ತವೆ. ಮೊದಲು ‘ಸ್ವಸ್ತಿ’, ‘ಶ್ರೀಮತು’, ‘ದೇವರ’, ‘ಬಿಟ್ಟ’ ಎಂಬ ಗೊತ್ತಿರುವ ಪದಗಳನ್ನು ಹುಡುಕಿ, ಅವುಗಳಿಂದ ಆ ಕೈಬರಹದ ಅಕ್ಷರಮಾಲೆಯನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಆಮೇಲೆ ಸಾಲು ಸಂಖ್ಯೆ ಹಾಕಿ ಕಂಡದ್ದನ್ನಷ್ಟೇ ನಕಲು ಮಾಡಿ. ಅನುಮಾನದ ಅಕ್ಷರ ಕಂಸದಲ್ಲಿ, ಹೋದ ಅಕ್ಷರಕ್ಕೆ ಒಂದೊಂದು ಚುಕ್ಕೆ. ತುಂಬಿ ಬರೆಯುವ ಆಸೆಯನ್ನು ಕೊನೆಯ ತನಕ ತಡೆಯಿರಿ.

ಭಾಷೆ ಬದಲಾಗುವುದನ್ನು ಕಣ್ಣಾರೆ ನೋಡುವ ಜಾಗವೂ ಇದೇ. ಹಳೆಯ ಪ ಕಾರ ಈ ಶತಮಾನಗಳಲ್ಲಿ ಹ ಆಗುತ್ತಿತ್ತು: ಪೊನ್ನು ಹೊನ್ನಾಯಿತು, ಪಳ್ಳಿ ಹಳ್ಳಿಯಾಯಿತು. ದೊಡ್ಡ ಸುಂಕಕ್ಕೆ ‘ಪೆರ್ಜುಂಕ’ ಎಂದೂ ‘ಹೆಜ್ಜುಂಕ’ ಎಂದೂ ಎರಡು ರೂಪ ಸಿಗುತ್ತವೆ. ಒಂದೇ ಕಲ್ಲಿನಲ್ಲಿ ಎರಡೂ ಬಂದರೆ ಕೊರೆದವನು ತಪ್ಪಿದ ಎಂದು ತಿದ್ದಬೇಡಿ. ಪದ್ಯದಲ್ಲಿ ‘ಪೂ’, ‘ಪೊಲ’ ಎಂದು ಹಳೆಯ ಗತ್ತು ಹಿಡಿದ ಕವಿಯೇ, ಗದ್ಯಕ್ಕೆ ಬಂದು ಭೂಮಿಯ ಲೆಕ್ಕ ಬರೆಯುವಾಗ ‘ಹೂದೋಟ’, ‘ಹೊಲ’ ಎನ್ನುತ್ತಾನೆ. ಕಾವ್ಯಕ್ಕೆ ಹಳೆಯ ಮಾತು, ಲೆಕ್ಕಕ್ಕೆ ಬಾಯಿಮಾತು. ಹಾಗೆಯೇ ಅಳತೆಕೋಲಿನ ಹೆಸರು ‘ಗೞೆ’ ಎಂದಿದ್ದದ್ದು ‘ಗಳೆ’ ಆಗುತ್ತದೆ. ೞ ಸರಿಯಾದ ಜಾಗದಲ್ಲೇ ಬರುತ್ತಿದ್ದರೆ ಕಲ್ಲು ಹಳೆಯದಿರಬಹುದು, ಕಂಡಕಂಡಲ್ಲಿ ತಪ್ಪಾಗಿ ಬಂದರೆ ಆ ಅಕ್ಷರದ ಉಚ್ಚಾರ ಆಗಲೇ ಮರೆತುಹೋಗಿತ್ತು ಎಂದರ್ಥ.

ಕಟ್ಟುಪಾಠ ಕಳಚುವುದು

ಶೈವ ದಾನದ ಕಲ್ಲು ‘ನಮಸ್ತುಂಗ ಶಿರಶ್ಚುಂಬಿ’ ಎಂದು ಶುರುವಾಗುತ್ತದೆ, ಜೈನ ಬಸದಿಯದು ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’ ಎಂದು. ಈ ಮೊದಲ ಸಾಲಿಗೂ ಈಗ ಕಲ್ಲಿರುವ ಗುಡಿಗೂ ತಾಳೆಯಾಗದಿದ್ದರೆ ಅದನ್ನು ಎದ್ದು ಕಾಣುವಂತೆ ಬರೆದಿಟ್ಟುಕೊಳ್ಳಿ. ಸ್ಯಾದ್ವಾದದ ಕಲ್ಲು ಹನುಮಪ್ಪನ ಗುಡಿಯಲ್ಲಿ ನಿಂತಿರುವುದು ದೊಡ್ಡ ಸುದ್ದಿ. ಆದರೆ ‘ಬಸದಿ ಒಡೆದರು’ ಎಂದು ಅಲ್ಲೇ ತೀರ್ಪು ಕೊಡಬೇಡಿ. ನೋಡಬೇಕಾದದ್ದು ಮೂರು: ಮೇಲಿನ ಶಿಲ್ಪವನ್ನು ಉಳಿಯಿಂದ ಕೆತ್ತಿ ತೆಗೆದಿದ್ದಾರೆಯೇ, ಅದರ ಮೇಲೆ ಬೇರೆ ಶಿಲ್ಪ ಬಿಡಿಸಿದ್ದಾರೆಯೇ, ಇಲ್ಲವೇ ಕಲ್ಲನ್ನು ಬರೀ ತಂದು ನಿಲ್ಲಿಸಿದ್ದಾರೆಯೇ. ಮೂರೂ ಬೇರೆ ಬೇರೆ ಘಟನೆ.

ಆಮೇಲೆ ಬಿರುದಿನ ಸಾಲು. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂಬಷ್ಟನ್ನು ಒಂದೇ ಉಸಿರಿಗೆ ದಾಟಿ, ಅದರ ಮುಂದಿನ ‘ಮಲ್ಲ’ನ ಬಳಿ ನಿಲ್ಲಿ. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರ, ಭುವನೈಕಮಲ್ಲ ಎರಡನೆಯ ಸೋಮೇಶ್ವರ, ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯ (1076–1126), ಭೂಲೋಕಮಲ್ಲ ಮೂರನೆಯ ಸೋಮೇಶ್ವರ. ಜಗದೇಕಮಲ್ಲರು ಇಬ್ಬರು, ಎರಡನೆಯ ಜಯಸಿಂಹ ಮತ್ತು ನೂರು ವರ್ಷ ಆಮೇಲಿನ ಇನ್ನೊಬ್ಬ. ಹೆಸರು ನೋಡಿ ಕಾಲ ಹೇಳುವವರು ಎಡವುವುದು ಇಲ್ಲಿ. ‘ದ್ವಾರಾವತೀಪುರವರಾಧೀಶ್ವರ’ ಕಂಡ ಕೂಡಲೇ ಹೊಯ್ಸಳ ಎನ್ನುವುದೂ ತಪ್ಪು; ಹೊಯ್ಸಳರೂ ಸೇವುಣರೂ ಯಾದವರೆಂದೇ ಹೇಳಿಕೊಂಡವರು, ಬಿರುದು ಇಬ್ಬರದೂ. ‘ಮಲಪರೊಳ್ ಗಂಡ’ ಇದ್ದರೆ ಹೊಯ್ಸಳ. ‘ಕಾಳಂಜರಪುರವರಾಧೀಶ್ವರ’ ಇದ್ದರೆ ಮಂಗಳವೇಢೆಯಿಂದ ಮೇಲೆದ್ದ ಕಲಚುರಿಗಳು. ಬಿಜ್ಜಳ ಕಲ್ಯಾಣದ ಸಿಂಹಾಸನ ಹಿಡಿದ ಮೇಲೂ ಬಿರುದಿನ ಧಾಟಿ ಚಾಲುಕ್ಯರದೇ. ಅರಸು ಬದಲಾದ, ಒಕ್ಕಣೆ ಬದಲಾಗಲಿಲ್ಲ.

‘ತತ್ಪಾದಪದ್ಮೋಪಜೀವಿ’ (ಅವನ ಪಾದಕಮಲವನ್ನು ನಂಬಿ ಬದುಕುವವನು) ಎಂಬ ಪದ ಬಂದಲ್ಲಿ ಪೆನ್ಸಿಲಿನಿಂದ ಗೀಟು ಎಳೆಯಿರಿ. ಅಲ್ಲಿಗೆ ಚಕ್ರವರ್ತಿ ಮುಗಿದ. ಮುಂದೆ ಬರುವವನು ಮಾಂಡಲಿಕ ಅಥವಾ ದಂಡನಾಯಕ, ಅವನ ನಂತರ ಊರಿನವರು. ಊರಿಗೆ ಹತ್ತಿರವಾದಷ್ಟೂ ಮಾತು ಸಣ್ಣದು, ಮಾಹಿತಿ ದೊಡ್ಡದು.

ತೇದಿ

ತೇದಿಯ ಸಾಲಿಗೆ ಅರ್ಧ ದಿನ ಕೊಡಿ, ನಷ್ಟವಿಲ್ಲ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಚಾಲುಕ್ಯ ವಿಕ್ರಮವರ್ಷಕ್ಕೆ 1075 ಕೂಡಿಸಬೇಕು, ಏಕೆಂದರೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನ ಪಟ್ಟದಿಂದಲೇ ಹೊಸ ಎಣಿಕೆ ಶುರು ಮಾಡಿದ, ಶಕವನ್ನೇ ಬದಿಗಿಟ್ಟ. ಆದರೆ ಅವನೂ ಪ್ರಭವ, ವಿಭವ ಎಂಬ ಅರವತ್ತು ಸಂವತ್ಸರಗಳನ್ನು ಮುಟ್ಟಲಿಲ್ಲ. ಹೀಗಾಗಿ ಕಲ್ಲು ಸವೆದರೂ, ಎಣಿಕೆ ಯಾವುದಾದರೂ, ಸಂವತ್ಸರದ ಹೆಸರೇ ಕೀಲಿಕೈ.

ಲೆಕ್ಕ ಸುಲಭ. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆಯಾದರೆ ಅರವತ್ತನೆಯ ಕ್ಷಯ). ಅಭ್ಯಾಸಕ್ಕೆ ಒಂದು: ಕಲ್ಲಿನಲ್ಲಿ ‘ಸಕವರ್ಷ 104’ ತನಕ ಸ್ಪಷ್ಟ, ಕೊನೆಯ ಅಂಕಿ ಒಡೆದಿದೆ, ಮುಂದೆ ‘ಶೋಭಕೃತು ಸಂವತ್ಸರ’ ಎಂದಿದೆ ಎನ್ನಿ. ಶೋಭಕೃತ್ 37ನೆಯದು. 1045ಕ್ಕೆ 12 ಸೇರಿದರೆ 1057, ಅರವತ್ತು ಹದಿನೇಳಲೆ 1020 ಕಳೆದರೆ 37. ಹತ್ತು ವರ್ಷಗಳಲ್ಲಿ ಇನ್ನಾವುದೂ ಕೂಡುವುದಿಲ್ಲ, ಒಡೆದ ಅಂಕಿ 5. ಕ್ರಿಸ್ತಶಕ 1123. ಅದೇ ವರ್ಷ ವಿಕ್ರಮವರ್ಷದಲ್ಲಿ 48. 1075 ಕೂಡಿಸಿದರೂ 1123.

ಕಲ್ಲಿನಲ್ಲಿ 1046 ಎಂದು ನಿಚ್ಚಳವಾಗಿದ್ದು ಸಂವತ್ಸರ ಶೋಭಕೃತ್ತೇ ಆಗಿದ್ದರೆ? ಲೆಕ್ಕ ಹಾಕಿದರೆ 38, ಕ್ರೋಧಿ ಬರುತ್ತದೆ, ಒಂದು ಹೆಚ್ಚು. ತಪ್ಪಲ್ಲ, ಬರೆದವನು ಕಳೆದ ವರ್ಷಗಳನ್ನು ಎಣಿಸದೆ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆ. ಆಗ 77 ಕೂಡಿಸಬೇಕು. ವ್ಯತ್ಯಾಸ ಒಂದಕ್ಕಿಂತ ಹೆಚ್ಚಾದರೆ ಮಾತ್ರ ಅಂಕಿಯನ್ನು ಮತ್ತೆ ನೋಡಿ. ‘ಬಿಜ್ಜಳದೇವವರ್ಷದ’ ಎಂಬಂಥ ಪಟ್ಟದ ಎಣಿಕೆಗೆ ಸಂವತ್ಸರವೇ ಗತಿ.

ಪುಷ್ಯದಿಂದ ಫಾಲ್ಗುಣದವರೆಗಿನ ತೇದಿ ಕ್ರಿಸ್ತಶಕದಲ್ಲಿ ಮುಂದಿನ ವರ್ಷಕ್ಕೆ ಬೀಳಬಹುದು. ಆದರೆ ‘ಉತ್ತರಾಯಣ ಸಂಕ್ರಾಂತಿ’ ಕಂಡು ಜನವರಿ 14 ಎಂದು ಹಾಕಿಬಿಡಬೇಡಿ. 12ನೇ ಶತಮಾನದಲ್ಲಿ ಸಂಕ್ರಾಂತಿ ಬೀಳುತ್ತಿದ್ದದ್ದು ಡಿಸೆಂಬರ್ 24–25ರ ಸುಮಾರಿಗೆ. ವಾರದ ಹೆಸರುಗಳಲ್ಲಿ ತಡೆಯುವುದು ಒಂದೇ: ವಡ್ಡವಾರ ಎಂದರೆ ಶನಿವಾರ.

ಆದಿಲಶಾಹಿ ಕಾಲದ, ಆಮೇಲಿನ ಕಾಗದ ಮತ್ತು ಕಲ್ಲುಗಳಲ್ಲಿ ಸುಹೂರ ಸನ್ ಬರುತ್ತದೆ. ಅದಕ್ಕೆ 599, ಜನವರಿಯಿಂದ ಮೇ ತನಕದ್ದಾದರೆ 600 ಕೂಡಿಸಿ. ವರ್ಷ ಶುರುವಾಗುವುದು ಮೃಗ ಕೂಡಿದಾಗ, ನಮ್ಮ ರೈತರು ಬಿತ್ತಿಗೆಗೆ ಅಣಿಯಾಗುವ ಹೊತ್ತಿಗೆ.

ನಡುವಿನ ಸಾಲುಗಳು

‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಬಿಟ್ಟ’ ಎಂಬಲ್ಲಿಂದ ಶಾಪ ಶುರುವಾಗುವ ತನಕ ಒಂದಕ್ಷರವನ್ನೂ ಹಾರಿಸಬೇಡಿ. ಯಾರ ಕಾಲು ತೊಳೆದರು? ಹೆಸರು ‘ಶಕ್ತಿ’ ಅಥವಾ ‘ರಾಶಿ’ ಎಂದು ಮುಗಿದರೆ ಕಾಳಾಮುಖ ಎಂಬ ಶೈವ ಪಂಥದ ಮಠದ ಆಚಾರ್ಯ ಇರಬಹುದು. ಗುರುಪರಂಪರೆ ಕೊಟ್ಟಿದ್ದರೆ ವಂಶವೃಕ್ಷದಂತೆ ಬರೆದುಕೊಂಡು ಪಕ್ಕದೂರಿನ ಕಲ್ಲುಗಳ ಜೊತೆ ಹೋಲಿಸಿ.

ಕೊಟ್ಟದ್ದು ಭೂಮಿಯಾದರೆ ಅಳತೆ ಮತ್ತರು, ಕಮ್ಮಗಳಲ್ಲಿ. ಮತ್ತರಿಗೆ ಇಷ್ಟು ಎಕರೆ ಎಂದು ಕಂಸದಲ್ಲಿ ಬರೆದುಬಿಡುವುದು ಪುಸ್ತಕಗಳಲ್ಲೂ ಕಾಣುವ ತಪ್ಪು. ಅಳೆದ ಗಳೆ ಊರಿಗೊಂದು, ಗುಡಿಗೊಂದು. ಭೇರುಂಡಗಳೆ ಎಂಬಂತೆ ಅದಕ್ಕೆ ಹೆಸರೂ ಇರುತ್ತದೆ. ಗಳೆಯ ಹೆಸರನ್ನು ಹಾಗೆಯೇ ಉಳಿಸಿ. ನಾವು ಈಗ ಬೇಸಾಯದ ಸಲಕರಣೆಗೆ ಹೇಳುವ ಗಳೇವಿಗೂ ಇದಕ್ಕೂ ಗಂಟು ಹಾಕಬೇಡಿ.

ನಾಣ್ಯ ಗದ್ಯಾಣ, ಪಣ, ಹಾಗ, ವೀಸ. ಹತ್ತು ಪಣಕ್ಕೆ ಒಂದು ಗದ್ಯಾಣ ಎಂಬುದು ಸಾಮಾನ್ಯ ಲೆಕ್ಕ, ಹಾಗ ಎಂದರೆ ಪಣದ ಕಾಲು, ವೀಸ ಹದಿನಾರನೆಯ ಒಂದು ಪಾಲು. ದೊಡ್ಡ ಹೊಲ ಕೊಟ್ಟವನು ಅರಸು, ವೀಸದ ಲೆಕ್ಕದಲ್ಲಿ ಕೊಟ್ಟವರು ಸಂತೆಯವರು. ಎಲೆ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ನಂದಾದೀವಿಗೆಗೆ ಎಂಬ ಸಾಲುಗಳಲ್ಲಿ ಯಾರು ಯಾರು ಒಟ್ಟಾಗಿ ಕುಳಿತು ಒಪ್ಪಿದರು ಎಂಬುದೂ ಇರುತ್ತದೆ. ‘ತೆಲ್ಲಿಗರೈವತ್ತೊಕ್ಕಲು’ ಎಂದರೆ ಗಾಣಿಗರ ಸಂಘ. ‘ಅಯ್ಯಾವೊಳೆಯ ಐನೂರ್ವರು’ ಎಂದರೆ ಐಹೊಳೆಯ ಹೆಸರು ಹೊತ್ತ ವರ್ತಕರ ಕೂಟ. ಇದೇ ಐನೂರ್ವರು 1088ರಲ್ಲಿ ಸುಮಾತ್ರದ ಬಾರೂಸ್‌ನಲ್ಲಿ ತಮಿಳು ಶಾಸನ ಹಾಕಿಸಿದ್ದಾರೆ. ನಿಮ್ಮ ಊರ ಸಂತೆಯ ಎಲೆ ಹೇರಿನ ಸಾಲು ಅಷ್ಟು ದೂರದ ಜಾಲದ ಒಂದು ತುದಿ ಆಗಿರಬಹುದು. ಒಂದೇ ಗುಡಿಗೆ ಐವತ್ತು ವರ್ಷದ ಅಂತರದಲ್ಲಿ ಎರಡು ಕಲ್ಲು ಸಿಕ್ಕರೆ ಈ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಿರುದು, ಶಾಪ ಎರಡರಲ್ಲೂ ಒಂದೇ ಇರುತ್ತದೆ; ಮೊದಲನೆಯದರಲ್ಲಿ ಹೊಲ ಮಾತ್ರ, ಎರಡನೆಯದರಲ್ಲಿ ಗಾಣ, ಅಂಗಡಿ, ಹೇರು ಸೇರಿದ್ದರೆ ಊರು ಪೇಟೆಯಾಗಿದೆ.

ಎಲ್ಲೆ ಹೇಳುವಾಗ ಮೂಡಲ್, ತೆಂಕಲ್, ಪಡುವಲ್, ಬಡಗಲ್ ಎಂಬ ದಿಕ್ಕುಗಳು ಬರುತ್ತವೆ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಹಳ್ಳ, ಹುತ್ತ, ನಟ್ಟ ಕಲ್ಲು, ಹೆಬ್ಬಟ್ಟೆ ಗುರುತು. ತಲಾಠಿ ಬಳಿ ಊರ ನಕಾಶೆ ಮತ್ತು ಆ ಭಾಗದ ಸಾತಬಾರಾ ಉತಾರ (ಪಹಣಿ) ಪಡೆದು, ಹಳ್ಳದ ಹರಿವಿನಿಂದ ಶುರು ಮಾಡಿ. ಹಳ್ಳ ಅಷ್ಟು ಬೇಗ ಜಾಗ ಬಿಡುವುದಿಲ್ಲ, ಮರ ಬಿಡುತ್ತದೆ. ಗಟ ನಂಬರಿಗಿಂತ (ದಫ್ತರಿನ ಹೊಲದ ಸಂಖ್ಯೆಗಿಂತ) ಹೊಲದ ಬಾಯಿಹೆಸರು ಉಪಯೋಗ. ‘ದೇವರ ಹೊಲ’, ‘ಇನಾಮ ಹೊಲ’ ಎಂಬ ಹೆಸರುಗಳನ್ನು ಊರ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಒಂದು ಎಚ್ಚರ: ಕಲ್ಲಿನ ಪಾಠವನ್ನು ಇವತ್ತಿನ ಹೊಲದ ತಕರಾರಿಗೆ ಪುರಾವೆಯಾಗಿ ಕೊಡಲು ಒಪ್ಪಬೇಡಿ. ಕೇಳುವವರು ಖಂಡಿತ ಬರುತ್ತಾರೆ.

ಶಾಪ, ಮತ್ತು ಭಾಷೆ ಬದಲಾದ ಕಲ್ಲುಗಳು

‘ಸ್ವದತ್ತಾಂ ಪರದತ್ತಾಂ ವಾ’ ಶ್ಲೋಕವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆ ಎಂಬ ಈ ಮಾತು ಎಲ್ಲ ಕಡೆ ಒಂದೇ ಆದ್ದರಿಂದ, ಕೊರೆದವನ ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅನುಭವಸ್ಥರು ಎಷ್ಟೋ ಸಲ ಕೊನೆಯಿಂದಲೇ ಓದಲು ಶುರು ಮಾಡುವುದು ಇದಕ್ಕೆ. ಶ್ಲೋಕದ ಜೊತೆ ವಾರಣಾಸಿ, ಕುರುಕ್ಷೇತ್ರ, ಸಾಸಿರ ಕವಿಲೆ (ಸಾವಿರ ಕಪಿಲೆ ಆಕಳು) ಬರುತ್ತವೆ. ಮಹಾರಾಷ್ಟ್ರದ ಒಳಗೆ ಹೋದಂತೆ ಇದೇ ಶಾಪ ಕತ್ತೆಯ ಚಿತ್ರವಾಗುತ್ತದೆ. ಗದ್ಧೇಗಾಳ ಎನ್ನುವ ಆ ಕಲ್ಲಿನ ಬೈಗುಳ ಓದು ಬಾರದವನಿಗೂ ಅರ್ಥವಾಗುವಂಥದ್ದು.

ಭೀಮಾ ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ ಕಲ್ಬರಹವಿದೆ, ತೇದಿ ಇರುವ ಅತಿ ಹಳೆಯ ಮರಾಠಿ ಬರಹಗಳಲ್ಲೊಂದು. ‘ವಾಛಿ ತೊ ವಿಜೆಯಾ ಹೋಇವಾ’, ಓದುವವನಿಗೆ ಜಯವಾಗಲಿ ಎಂದು ಅದರ ಕೊನೆ. ಸುತ್ತ ಕನ್ನಡ ಕಲ್ಲುಗಳೇ ತುಂಬಿರುವ ಸೀಮೆಯಲ್ಲಿ ಒಂದು ಸಾಲು ಮರಾಠಿ. ಸೇವುಣರ ಕೊನೆಗಾಲಕ್ಕೆ, 13ನೇ ಶತಮಾನದ ಉತ್ತರಾರ್ಧದಲ್ಲಿ, ಮರಾಠಿ ಹೆಚ್ಚುತ್ತದೆ. ಆದ್ದರಿಂದ ನಾಗರಿ ಲಿಪಿ ಕಂಡರೆ ಸಂಸ್ಕೃತ ಎಂದು ಕೈಬಿಡಬೇಡಿ, ಲಿಪಿ ಬೇರೆ, ಭಾಷೆ ಬೇರೆ. ಶ್ಲೋಕ ಸಂಸ್ಕೃತ, ಒಕ್ಕಣೆ ಕನ್ನಡ, ಕಾಣಿಕೆಯ ಪಟ್ಟಿ ಮರಾಠಿ ಎಂಬ ಬೆರಕೆಯೂ ಸಿಗುತ್ತದೆ. ಪ್ರತಿ ಸಾಲಿನ ಎದುರು ಭಾಷೆ, ಲಿಪಿ ಎರಡನ್ನೂ ಬೇರೆಬೇರೆ ಕಾಲಮಿನಲ್ಲಿ ಬರೆಯಿರಿ.

ಬೇರೆ ಗಡಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಮಾಡಿಕೊಳ್ಳಬೇಕು. ಆಂಧ್ರದ ಮಡಕಶಿರಾ ಕಡೆಯ ಹೇಮಾವತಿಯೇ ನೊಳಂಬ ಅರಸರ ಹೆಂಜೇರು. ಅಲ್ಲಿನ 9–10ನೇ ಶತಮಾನದ ಕಲ್ಲುಗಳಲ್ಲಿ ವಿಕ್ರಮವರ್ಷ ಹುಡುಕುವ ಪ್ರಶ್ನೆಯೇ ಇಲ್ಲ, ಬಿರುದಿನಲ್ಲಿ ಪಲ್ಲವ ಕುಲದ ಹೆಸರು ಬರುತ್ತದೆ. ಹೊಸೂರು, ಕೃಷ್ಣಗಿರಿ ಸುತ್ತ ತಮಿಳು, ಕನ್ನಡ ಎರಡೂ ಓದಲು ಬರುವವರು ಜೊತೆಗಿರಲಿ. ಕಾಸರಗೋಡಿನಲ್ಲಿ ಮುರಕಲ್ಲು ಸಣ್ಣ ಅಕ್ಷರ ಹಿಡಿಯುವುದಿಲ್ಲ, ಬರಹ ಇರುವುದು ಗಟ್ಟಿ ಕಲ್ಲಿನ ಮೇಲೆ. ಮಳೆಗಾಲದ ಪಾಚಿ ಹೋಗಿ ಕಲ್ಲು ಒಣಗುವ ಡಿಸೆಂಬರ್ ನಂತರ ಹೋಗಿ. ಕುಂಬಳೆ ಸಮೀಪದ ಅನಂತಪುರದಲ್ಲಿ ತುಳು ಲಿಪಿಯ ತುಳು ಶಾಸನವೇ ಇರುವುದರಿಂದ, ಕನ್ನಡದಂತೆ ಕಂಡೂ ಕೂಡಿಬಾರದ ಅಕ್ಷರ ಸಿಕ್ಕರೆ ತುಳು ಲಿಪಿ ಬಲ್ಲವರಿಗೆ ತೋರಿಸಿ.

ಓದಿ ಮುಗಿದ ಮೇಲೆ ಮೂರು ಪ್ರತಿ ಮಾಡಿ: ಕಂಡಂತೆ ಬರೆದ ಪಾಠ, ಪದ ಬಿಡಿಸಿದ ಪಾಠ, ಇಂದಿನ ಕನ್ನಡದ ಸಾರ. ಮೊದಲನೆಯದನ್ನು ಎಂದೂ ತಿದ್ದಬೇಡಿ. ಹೊಸ ಓದು ಬಂದರೆ ತಾರೀಕು ಹಾಕಿ ಪಕ್ಕದಲ್ಲಿ ಬರೆಯಿರಿ. ಒಂದು ಸೆಟ್ ಊರ ಶಾಲೆಗೆ ಅಥವಾ ಗುಡಿಗೆ, ಇನ್ನೊಂದು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ. ಅಚ್ಚಾಗದ ಕಲ್ಲು ಎಂದು ಖಚಿತವಾದರೆ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಶಾಸನ ವಿಭಾಗಕ್ಕೆ ಚಿತ್ರಗಳನ್ನು ಕಳಿಸಿ. ಪಡಿಯಚ್ಚನ್ನು ಮಡಚಬೇಡಿ, ಮಡಿಕೆಯಲ್ಲಿ ಸಿಕ್ಕ ಸಾಲು ಕೆಲವೇ ವರ್ಷದಲ್ಲಿ ಬಿರಿಯುತ್ತದೆ. ಪಿವಿಸಿ ಪೈಪಿಗೆ ಸುತ್ತಿ, ಬಟ್ಟೆ ಹೊದಿಸಿ, ಹೊರಗೆ ಊರಿನ ಹೆಸರು ಬರೆದು, ಗೆದ್ದಲು ತಾಗದಂತೆ ನೆಲದಿಂದ ಮೇಲೆ ಅಡ್ಡಲಾಗಿ ಇಡಿ.